ಕೊಡಿ ಇಲ್ಲಿ, ನಾನ್ ಮಾಡ್ತೆ

ಮೊನ್ನೆ ನನ್ನ ಫೋನು ಇನ್ನು ಜಾಗ ಇಲ್ಲವೆಂದು ಹಟ ಹಿಡಿದು ಕೂತಿತು. ತವರಿಗೆ ಹೋದ ಹೆಂಡತಿ ಬೆಳಿಗ್ಗೆ ಕಳಿಸಿದ ಫೋಟೊ ಇಳಿಯಲೇ ಇಲ್ಲ. ಅಲ್ಲಿನ ಹಿತ್ತಲ ಹಲಸಿನ ಹಣ್ಣಿರಬೇಕೆಂದು ಅಂದಾಜು ಮಾಡಿ 'ಭಾರಿ ಲಾಯ್ಕಿತ್ತ್' ಎಂದು ಉತ್ತರ ಬರೆದೆ. ಅದು ಬಚ್ಚಲಲ್ಲಿ ಜಾರಿ ಊದಿಸಿಕೊಂಡ ಅವಳ ಕಾಲು. ಸಂಜೆ ಫೋನಿನಲ್ಲಿ ಸಿಕ್ಕಿದ್ದನ್ನೆಲ್ಲ ಅನುಭವಿಸಿ, ಆಮೇಲೆ ಗುಡಿಸುವ ಕೆಲಸಕ್ಕೆ ಕೂತೆ.

ಶುಭೋದಯದ ಗುಲಾಬಿಗಳು ಹೋದವು. ಯಾರ್ಯಾರದೋ ಗೃಹಪ್ರವೇಶದ ಕರೆಯೋಲೆಗಳು ಹೋದವು. ಮಂಡಿನೋವಿಗೆ ಯಾವುದೋ ಸೊಪ್ಪಿನ ಕಷಾಯ ಹೇಳುವ ಒಂದೇ ವೀಡಿಯೊ ಐದು ಜನರಿಂದ ಬಂದು ಐದು ಸಲ ಕೂತಿತ್ತು, ಅದೂ ಹೋಯಿತು. ಎಲ್ಲ ಹೋದ ಮೇಲೆ ತಳದಲ್ಲಿ ಒಂದು ಕಟ್ಟು ಪ್ರಮಾಣಪತ್ರಗಳು ಸಿಕ್ಕವು. ಅಂಚಿಗೆ ಚಿನ್ನದ ಬಣ್ಣದ ಬಳ್ಳಿ, ಮೂಲೆಯಲ್ಲಿ ದೀಪ, ನಡುವೆ ದೊಡ್ಡ ಅಕ್ಷರದಲ್ಲಿ ಹೆಸರು. ಒಂದರಲ್ಲೂ ನನ್ನ ಹೆಸರಿಲ್ಲ. ಆದರೆ ಅಷ್ಟನ್ನೂ ಗಳಿಸಿದವನು ನಾನೇ.

ಇದನ್ನು ಸ್ವಲ್ಪ ಬಿಡಿಸಿ ಹೇಳದಿದ್ದರೆ ನೀವು ನನ್ನನ್ನು ಕಳ್ಳನೆಂದುಕೊಳ್ಳುತ್ತೀರಿ. ಹೌದೋ ಅಲ್ಲವೋ ಎಂಬುದನ್ನು ಪೂರ್ತಿ ಓದಿದ ಮೇಲೆ ನೀವೇ ತೀರ್ಮಾನ ಮಾಡಿ.

ನಾನು ಬೈಂದೂರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಷ್ಟ್ರು. ಮನೆ ಬೀಜಾಡಿ. ಬೆಳಿಗ್ಗೆ ಕೋಟೇಶ್ವರದಲ್ಲಿ ಒಂದು ಬಸ್ಸು, ಕುಂದಾಪುರದಲ್ಲಿ ಇಳಿದು ಇನ್ನೊಂದು ಬಸ್ಸು, ಸಂಜೆ ಅದೇ ಪ್ರದಕ್ಷಿಣೆ ತಿರುಗಾಮುರುಗಾ. ನಮ್ಮ ಆಡಳಿತ ಮಂಡಳಿಯವರಿಗೆ ಬೈಂದೂರು, ಕುಂದಾಪುರ, ಬ್ರಹ್ಮಾವರ ಹೀಗೆ ಮೂರು ಕಡೆ ಶಾಲೆಗಳಿವೆ. ಕೆಲವು ವರ್ಷಗಳ ಹಿಂದೆ ಅವರಿಗೆ ಇದ್ದಕ್ಕಿದ್ದಂತೆ ನಮ್ಮನ್ನು ಉದ್ಧಾರ ಮಾಡುವ ಮನಸ್ಸಾಯಿತು. ಇನ್ನು ಮುಂದೆ ಎಲ್ಲ ಶಿಕ್ಷಕರೂ ಆನ್‌ಲೈನಿನಲ್ಲಿ ವೃತ್ತಿಯನ್ನೂ ವ್ಯಕ್ತಿತ್ವವನ್ನೂ ಬೆಳೆಸಿಕೊಳ್ಳತಕ್ಕದ್ದು ಎಂದು ಸುತ್ತೋಲೆ ಬಂತು.

ಹಿಂದಿನ ತರಬೇತಿಗಳ ಸುಖ ನಿಮಗೆ ಗೊತ್ತಿಲ್ಲದಿರಬಹುದು. ಬ್ರಹ್ಮಾವರದ ಶಾಲೆಯ ಸಭಾಂಗಣದಲ್ಲಿ ಎರಡು ದಿನ. ಹನ್ನೊಂದಕ್ಕೆ ಗೋಳಿಬಜೆ, ಚಹಾ. ಮಧ್ಯಾಹ್ನದ ಊಟದ ಮೇಲೆ ಹಿಂದಿನ ಬೆಂಚಿನಲ್ಲಿ ಕಣ್ಣು ಬಿಟ್ಟುಕೊಂಡೇ ನಿದ್ದೆ ಹೋಗುವ ವಿದ್ಯೆಯನ್ನು ನಾನು ಅಲ್ಲಿಯೇ ಕಲಿತದ್ದು. ಈ ಹೊಸ ತರಬೇತಿಯಲ್ಲಿ ಅದೊಂದೂ ನಡೆಯುವುದಿಲ್ಲ. ಫೋನಿನ ಪರದೆಯ ಮೇಲೆ ಕನ್ನಡಕ ಹಾಕಿದ ಒಬ್ಬ ಬೊಂಬೆ ಟೀಚರು ಬಂದು ಕೈಬೀಸಿ ಪಾಠ ಶುರು ಮಾಡುತ್ತಾಳೆ. ನಾಲ್ಕು ನಿಮಿಷಕ್ಕೊಮ್ಮೆ ಪಾಠ ನಿಲ್ಲಿಸಿ ಪ್ರಶ್ನೆ ಕೇಳುತ್ತಾಳೆ. ಉತ್ತರಿಸದೆ ಮುಂದೆ ಹೋಗುವ ಹಾಗಿಲ್ಲ, ಓಡಿಸಿ ನೋಡುವ ಹಾಗಿಲ್ಲ. ಎಡಗಡೆಯ ಪದವನ್ನು ಬೆರಳಲ್ಲಿ ಎಳೆದು ಬಲಗಡೆಯ ಗೂಡಿನಲ್ಲಿ ಬಿಡಬೇಕು. ತಪ್ಪಾದರೆ ಅವಳ ಮುಖ ಬಾಡಿ, 'ಓಹೋ, ಇನ್ನೊಮ್ಮೆ ಪ್ರಯತ್ನಿಸಿ' ಎನ್ನುತ್ತಾಳೆ. ಸರಿಯಾದರೆ 'ಅಭಿನಂದನೆಗಳು' ಎಂದು ಪರದೆ ತುಂಬ ಬಣ್ಣದ ಕಾಗದದ ಚೂರುಗಳು ಸುರಿಯುತ್ತವೆ.

ನನಗೆ ಈ ಕಾಗದದ ಚೂರುಗಳ ಚಟ ಹಿಡಿಯಿತು. ನಗಬೇಡಿ. ಐವತ್ತರ ಹತ್ತಿರ ಬಂದ ಗಂಡಸು, ಎರಡು ಮಕ್ಕಳ ತಂದೆ, ಶಾಲೆಯಲ್ಲಿ ಸಿಡುಕನೆಂದು ಹೆಸರು ಮಾಡಿದವನು, ಕುಂದಾಪುರದ ಬಸ್ಸಿನಲ್ಲಿ ಕೂತು ಪರದೆಯ ಮೇಲೆ ಬಣ್ಣ ಸುರಿದಾಗಲೆಲ್ಲ ಒಳಗೊಳಗೇ ಉಬ್ಬುತ್ತಿದ್ದೆ. ನಿಜ ಹೇಳಬೇಕೆಂದರೆ ನಮ್ಮ ವೃತ್ತಿಯಲ್ಲಿ ಯಾರೂ ಮಾಷ್ಟ್ರಿಗೆ ಸರಿ ಉತ್ತರ ಎಂದು ಹೇಳುವುದಿಲ್ಲ. ನಾವು ಹೇಳಬೇಕು, ಅಷ್ಟೇ. ಎರಡೇ ವಾರದಲ್ಲಿ ನನ್ನ ಪಾಲಿನ ಪಾಠಗಳೆಲ್ಲ ಮುಗಿದವು. ಚಟಕ್ಕೆ ಮುಂದಿನ ದಾರಿ ಬೇಕಲ್ಲ?

ದಾರಿ ತೋರಿಸಿದವರು ನಮ್ಮ ಡ್ರಿಲ್ ಮಾಷ್ಟ್ರು ಶೇಖರಣ್ಣ. ಒಂದು ದಿನ ಟೀಚರ್ಸ್ ರೂಮಿಗೆ ಬಂದವರೇ ಫೋನನ್ನು ಮೇಜಿನ ಮೇಲೆ ಕುಕ್ಕಿದರು.

"ಹ್ವಾಯ್ ಮಾಷ್ಟ್ರೆ, ಈ ಹೆಂಗ್ಸಿಂದ್ ಎಂತ ಉಪದ್ರ ಮಾರಾಯ್ರೆ! ಒಂದೇ ಪ್ರಶ್ನೆ ನಾಲ್ಕ್ ಸಲ ಕೇಂಬುದ್. ನನ್ ಹೆಂಡ್ತಿಯೂ ಹೀಂಗ್ ಕೇಂಬುದಿಲ್ಲ."

"ಕೊಡಿ ಇಲ್ಲಿ, ನಾನ್ ಮಾಡ್ತೆ" ಎಂದೆ.

ಅಲ್ಲಿಂದ ಶುರುವಾಯಿತು. ಶೇಖರಣ್ಣನ ನಂತರ ಹಿಂದಿ ಟೀಚರು, ಅವರ ನಂತರ ವಿಜ್ಞಾನದವರು, ಕೊನೆಗೆ ಹೆಡ್‌ಮಾಷ್ಟ್ರು ಸಹ, ಮುಖ ಅತ್ತ ತಿರುಗಿಸಿಕೊಂಡು, ಫೋನು ಮಾತ್ರ ಇತ್ತ ನೀಡಿದರು. ಬಿಡುವಿನ ಪೀರಿಯಡಿನಲ್ಲಿ ನನ್ನ ಮುಂದೆ ಮೇಜಿನ ಮೇಲೆ ನಾಲ್ಕೈದು ಫೋನುಗಳು ಸಾಲಾಗಿ ಮಲಗಿರುತ್ತಿದ್ದವು. ಒಂದರಲ್ಲಿ ಬೊಂಬೆ ಟೀಚರು ಕೈಬೀಸಿ ಸ್ವಾಗತ ಹೇಳುವಾಗ ಇನ್ನೊಂದರಲ್ಲಿ ಮುಖ ಬಾಡಿಸಿಕೊಂಡಿರುತ್ತಿದ್ದಳು. ನಾನು ಒಂದು ಕೈಯಲ್ಲಿ ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತ ಇನ್ನೊಂದು ಕೈಯಲ್ಲಿ ಐವರ ವ್ಯಕ್ತಿತ್ವ ಬೆಳೆಸುತ್ತಿದ್ದೆ. 'ಇತರರ ಮಾತನ್ನು ಆಲಿಸುವ ಕಲೆ' ಎಂಬ ಪಾಠದ ಧ್ವನಿ ಮುಚ್ಚಿಟ್ಟು ಐದೂ ಸಲ ಪೂರ್ತಿ ಅಂಕ ತೆಗೆದ ದಾಖಲೆ ನನ್ನದು. ನಮ್ಮ ಶಾಲೆ ಮೂರು ಶಾಲೆಗಳಲ್ಲಿ ಎಲ್ಲರಿಗಿಂತ ಮುಂದಿದೆಯೆಂದು ಮಂಡಳಿಯಿಂದ ಮೆಚ್ಚುಗೆಯ ಪತ್ರ ಬಂತು. ಹೆಡ್‌ಮಾಷ್ಟ್ರು ಎಲ್ಲರಿಗೂ ಚಹಾ ತರಿಸಿದರು.

ಇದೇ ಮನುಷ್ಯ ಕ್ಲಾಸಿನಲ್ಲಿ ಹೇಗಿದ್ದನೆಂದು ಕೇಳಿ. ಹಿಂದಿನ ಬೆಂಚಿನವನಿಗೆ ಮುಂದಿನ ಬೆಂಚಿನವಳು ಲೆಕ್ಕ ಮಾಡಿಕೊಟ್ಟಳೆಂದರೆ ಇಬ್ಬರನ್ನೂ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ. ಅವಳು ಮಾಡಿಕೊಟ್ಟರೆ ನಿನಗೆ ಬಂದ ಹಾಗಾಯಿತೇನೋ ಎಂದು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ. ಕೂಗಿ ಸುಸ್ತಾಗಿ ಟೀಚರ್ಸ್ ರೂಮಿಗೆ ಬಂದು, ಫೋನು ಕೊಡಿ ಎಂದು ಕೈಚಾಚುತ್ತಿದ್ದೆ. ಈ ಎರಡು ಕೋಣೆಗಳ ನಡುವೆ ಇಪ್ಪತ್ತು ಹೆಜ್ಜೆಯ ಜಗಲಿ ಇತ್ತು, ಅಷ್ಟರಲ್ಲಿ ನನಗೆ ಒಮ್ಮೆಯೂ ಏನೂ ಹೊಳೆಯಲಿಲ್ಲ.

ಹೊಳೆಯಬೇಕಿತ್ತು. ಯಾಕೆಂದರೆ ನಾನೇ ಇಂಥ ಪ್ರೀತಿಗೆ ಸಿಕ್ಕಿ ಕೆಟ್ಟವನು. ಮನೆಯಿಂದ ಕೂಗಿದರೆ ಕಡಲಿಗೆ ಕೇಳುವಷ್ಟು ಹತ್ತಿರ ಇದ್ದರೂ ನನಗೆ ಈಜು ಬರುವುದಿಲ್ಲ. ಇದನ್ನು ಬೀಜಾಡಿಯಲ್ಲಿ ಯಾರಿಗಾದರೂ ಹೇಳಿದರೆ ನಂಬುವುದಿಲ್ಲ, ನಂಬಿದವರು ನಗುತ್ತಾರೆ. ನಮ್ಮ ಕಡೆ ಮಕ್ಕಳ ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿ ಹೊಳೆಗೆ ದೂಡುತ್ತಾರೆ. ಎರಡು ದಿನ ನೀರು ಕುಡಿದು ಮೂರನೆಯ ದಿನ ಮಕ್ಕಳು ಮೀನಾಗುತ್ತವೆ. ನನ್ನ ಸೋದರಮಾವನಿಗೆ ಅದು ಸರಿ ಕಾಣಲಿಲ್ಲ. ಅಪ್ಪ ಮುಂಬೈಯ ಹೋಟೆಲಿನಲ್ಲಿದ್ದರು, ನಾನು ಅವನ ಅಕ್ಕನ ಒಬ್ಬನೇ ಮಗ. ಮಾವ ತಾನೇ ಎದೆಮಟ್ಟ ನೀರಿಗಿಳಿದು ನನ್ನ ಹೊಟ್ಟೆಯ ಅಡಿಗೆ ಕೈಯಿಟ್ಟು ತೇಲಿಸುತ್ತಿದ್ದ. ನಾನು ಕೈಕಾಲು ಬಡಿಯುತ್ತಿದ್ದೆ, ನೀರು ಚಿಮ್ಮುತ್ತಿತ್ತು, ದಡದಲ್ಲಿ ಕೂತ ಅಮ್ಮ ಸಂತೋಷಪಡುತ್ತಿದ್ದಳು. ಎರಡು ಬೇಸಿಗೆ ರಜೆ ಹೀಗೇ ಕಳೆಯಿತು. ಮಾವ ಒಂದು ದಿನವೂ ಕೈ ತೆಗೆಯಲಿಲ್ಲ. ಆ ಕೈ ಎಷ್ಟು ಹಿತವಾಗಿತ್ತೆಂದರೆ ತೆಗೆ ಎಂದು ನಾನೂ ಹೇಳಲಿಲ್ಲ. ಈಗ ಮೊಣಕಾಲು ಮುಳುಗುವಷ್ಟು ನೀರಿಗಿಳಿದರೂ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಇರಲಿ, ಸುಮತಿ ಟೀಚರ ಸುದ್ದಿಗೆ ಬರುತ್ತೇನೆ. ಬರಬಾರದೆಂದೇ ಇಷ್ಟು ಸುತ್ತಿದ್ದು.

ಸುಮತಿ ಟೀಚರು ನಮ್ಮ ಶಾಲೆಯ ಹೊಲಿಗೆ ಟೀಚರು. ನಾವುಂದದ ಮೀನುಗಾರರ ಮನೆಯವರು, ತಾಯಿ ಮೀನು ಮಾರಿ ಓದಿಸಿದ್ದೆಂದು ಅವರೇ ಹೆಮ್ಮೆಯಿಂದ ಹೇಳುತ್ತಿದ್ದರು. ಮೂವತ್ತು ವರ್ಷ ಒಂದೇ ಕೋಣೆ, ಐದು ಹೊಲಿಗೆ ಮಿಷನ್ನು. ಹೊಲಿಗೆ ಟೀಚರೆಂದರೆ ಉಳಿದ ಶಿಕ್ಷಕರ ಲೆಕ್ಕದಲ್ಲಿ ಅರ್ಧ ಟೀಚರು. ಯಾರಾದರೂ ರಜೆ ಹಾಕಿದರೆ ಆ ಕ್ಲಾಸಿನಲ್ಲಿ ಗಲಾಟೆ ಆಗದಂತೆ ನೋಡಿಕೊಳ್ಳಲು ಅವರನ್ನು ಕಳಿಸುವುದು. ಶಾಲಾ ದಿನಾಚರಣೆ ಬಂದರೆ ಮಕ್ಕಳ ವೇಷದ ಗುಂಡಿ ಹಾಕಲು ಅವರು. ಮೀಟಿಂಗಿನಲ್ಲಿ ಅವರ ಅಭಿಪ್ರಾಯ ಕೇಳಿದ್ದು ನನಗೆ ನೆನಪಿಲ್ಲ. ನಾನೂ ಕೇಳಿದವನಲ್ಲ.

ತರಬೇತಿಯ ಸುತ್ತೋಲೆಯಲ್ಲಿ 'ಎಲ್ಲ ಶಿಕ್ಷಕರು' ಎಂದಿತ್ತು. ಆ ಎರಡು ಪದ ಅವರಿಗೆ ಎಷ್ಟು ಮುಖ್ಯವಾಗಿತ್ತೆಂದು ನನಗೆ ಆಗ ತಿಳಿಯಲಿಲ್ಲ. ಎಲ್ಲರೂ ಫೋನು ನನ್ನ ಮುಂದಿಟ್ಟು ಚಹಾಕ್ಕೆ ಹೋದರೆ ಅವರು ಮಾತ್ರ ಫೋನಿನ ಜೊತೆ ಒಂದು ನೋಟು ಪುಸ್ತಕ ತಂದು ನನ್ನ ಪಕ್ಕದ ಕುರ್ಚಿಯಲ್ಲೇ ಕೂತರು. ಪೆನ್ಸಿಲಿನಲ್ಲಿ ಗೆರೆ ಎಳೆದು ಬೊಂಬೆ ಟೀಚರು ಹೇಳಿದ್ದನ್ನು ಒಂದೊಂದಾಗಿ ಬರೆದುಕೊಂಡಿದ್ದರು.

"ಮಾಷ್ಟ್ರೆ, ಮಾಡಿ ಕೊಡುದ್ ಬ್ಯಾಡ. ಹ್ಯಾಂಗ್ ಮಾಡುದ್ ಅಂದೇಳಿ ಒಂಚೂರ್ ನಿಧಾನ ತೋರ್ಸಿ. ನಂಗ್ ತಪ್ಪಾರೂ ಅಡ್ಡಿಲ್ಲೆ."

"ತಪ್ಪ್ ಎಂತಕ್ಕ್ ಆಯ್ಕ್ ಟೀಚರ್? ಕೊಡಿ ಇಲ್ಲಿ, ನಾನ್ ಮಾಡ್ತೆ. ಐದ್ ನಿಮಿಷ."

"ಅನುಭವ ಬರೀರಿ ಅಂದೇಳಿ ಒಂದ್ ಇತ್ತಲೆ, ಅದನ್ನ ನಾನ್ ಪುಸ್ತಕದಗೆ ಬರ್ಕಂಡ್ ಬಂದಿದೆ. ಫೋನಗೆ ಒತ್ತಕ್ಷರ ಹೊಡಿಯುಕ್ ಬತ್ತಿಲ್ಲೆ. ಅದೊಂದ್ ಹೇಳಿ ಕೊಟ್ರೆ…"

ನಾನು ಅಷ್ಟರಲ್ಲಿ ಅವರ ಕೈಯಿಂದ ಫೋನು ತೆಗೆದುಕೊಂಡಾಗಿತ್ತು. ಸಹಾಯ ಮಾಡುವವನ ಗತ್ತು ಎಂದರೆ ಏನೆಂದು ಆ ಕ್ಷಣದ ನನ್ನ ಮುಖ ನೋಡಿದವರಿಗೆ ಗೊತ್ತು. ಅವರು ಸ್ವಲ್ಪ ಹೊತ್ತು ಕೂತಿದ್ದು, ಗಂಟೆ ಹೊಡೆದಾಗ ಎದ್ದು ಹೋದರು. ಪುಸ್ತಕ ಅವರ ಕೈಯಲ್ಲೇ ಇತ್ತು. ಒಮ್ಮೆ ಕೊಡಿ, ನೋಡುತ್ತೇನೆ ಎಂದು ನಾನು ಹೇಳಲಿಲ್ಲ.

ಅನುಭವದ ವಿಷಯ ಹೀಗೆ. ಎಲ್ಲ ಪಾಠ ಮುಗಿದ ಮೇಲೆ ಕೊನೆಗೆ 'ನಿಮ್ಮ ತರಗತಿಯ ಮರೆಯಲಾರದ ಒಂದು ಅನುಭವ ಹಂಚಿಕೊಳ್ಳಿ' ಎಂದು ಒಂದು ಖಾಲಿ ಚೌಕ ಬರುತ್ತಿತ್ತು. ಅದನ್ನು ತುಂಬದೆ ಪ್ರಮಾಣಪತ್ರ ಇಲ್ಲ. ಬಂದ ಪ್ರಮಾಣಪತ್ರಗಳನ್ನು ಅಚ್ಚು ಹಾಕಿಸಿ ಕೊಡಲೆಂದು ನನ್ನ ಫೋನಿಗೇ ಕಳಿಸಿಕೊಳ್ಳುತ್ತಿದ್ದೆ. ಐವರಿಗೂ ಮರೆಯಲಾರದ ಅನುಭವಗಳನ್ನು ನಾನೇ ಒದಗಿಸಿದೆ. ಶೇಖರಣ್ಣನಿಗೆ ಒಬ್ಬ ಕುಂಟುವ ಓಟಗಾರನನ್ನು ಕೊಟ್ಟೆ. ಸುಮತಿ ಟೀಚರಿಗೆ ಎಂತ ಕೊಡುವುದು? ನಾನು ಗಣಿತದವನು. ಪವಿತ್ರಾ ಎಂಬ ಹುಡುಗಿಯನ್ನು ಹುಟ್ಟಿಸಿದೆ. ಅವಳಿಗೆ ಭಿನ್ನರಾಶಿ ತಲೆಗೆ ಹೋಗುತ್ತಿರಲಿಲ್ಲ. ಹೊಲಿಗೆ ಕ್ಲಾಸಿನಲ್ಲಿ ಬಟ್ಟೆಯನ್ನು ಅರ್ಧ, ಕಾಲು, ಅರೆಕಾಲು ಎಂದು ಮಡಚುತ್ತ ಮಡಚುತ್ತ ಒಂದು ದಿನ ಥಟ್ಟನೆ ಅರ್ಥವಾಗಿ ಟೀಚರ ಸೆರಗು ಹಿಡಿದು ಕಣ್ಣೀರು ಹಾಕಿದಳು. ಕಣ್ಣೀರು ಬರೆಯುವಾಗ ನಾನೇ ಕರ್ಚೀಫು ತೆಗೆದೆ ಎಂದರೆ ನೋಡಿ, ನಾನು ಎಂಥವನೆಂದು.

ತಿಂಗಳ ನಂತರ ಮಂಡಳಿಯಿಂದ ಪತ್ರ ಬಂತು. ಮೂರೂ ಶಾಲೆಗಳ ಅನುಭವಗಳಲ್ಲಿ ಸುಮತಿ ಟೀಚರದ್ದು ಅತ್ಯುತ್ತಮವಂತೆ. ಬ್ರಹ್ಮಾವರದಲ್ಲಿ ಎಲ್ಲ ಶಿಕ್ಷಕರ ಸಭೆ, ಅಲ್ಲಿ ಅವರು ವೇದಿಕೆಗೆ ಬಂದು ಅದನ್ನು ಹೇಳಬೇಕಂತೆ. ಟೀಚರ್ಸ್ ರೂಮಿನಲ್ಲಿ ಎಲ್ಲರಿಗೂ ಖುಷಿ. ಎಲ್ಲರಿಗಿಂತ ನನಗೆ ಖುಷಿ. ಅರ್ಧ ಟೀಚರನ್ನು ಪೂರ್ತಿ ಮಾಡಿದ್ದು ನಾನಲ್ಲವೇ!

ಆ ದಿನ ಕೋಟೇಶ್ವರದಲ್ಲಿ ನಾನು ಬಸ್ಸು ಹತ್ತುವಾಗ ಅವರು ಛತ್ರಿಯಿಟ್ಟು ನನಗೆ ಜಾಗ ಹಿಡಿದಿದ್ದರು. ಮಡಿಕೆ ಹೊಸದಾಗಿ ಬಿಡಿಸಿದ ಸೀರೆ ಉಟ್ಟಿದ್ದರು. ಬರೆದದ್ದನ್ನು ನಾನು ಕಾಗದದಲ್ಲಿ ಅಚ್ಚು ಹಾಕಿಸಿ ತಂದಿದ್ದೆ. ಅಲ್ಲಿಯವರೆಗೆ ಅವರು ಅದನ್ನು ಓದಿಯೇ ಇರಲಿಲ್ಲ. ತೆಕ್ಕಟ್ಟೆ ದಾಟುವವರೆಗೆ ಓದಿದರು. ಎರಡು ಸಲ ಓದಿದರೆಂದು ಕಾಣುತ್ತದೆ.

"ಈ ಪವಿತ್ರಾ ಯಾರ್ ಮಾಷ್ಟ್ರೆ?"

"ಯಾರೂ ಅಲ್ಲ ಟೀಚರ್. ಸುಮ್ನೆ ಒಂದ್ ಹೆಸ್ರ್."

"ಹಾಂಗಾರೆ ನನ್ ಸೆರಗ್ ಹಿಡ್ಕಂಡ್ ಕಣ್ಣೀರ್ ಹಾಕದ್ದ್ ಯಾರ್?"

ನಾನು ನಕ್ಕೆ. ಅವರು ನಗಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಚಿ, ಹೊಲಿಗೆಯವರು ಬಟ್ಟೆಗೆ ಮಾಡುವ ಹಾಗೆ ಮಡಿಕೆಯ ಮೇಲೆ ಉಗುರು ಎಳೆದು, ಪರ್ಸಿನಲ್ಲಿಟ್ಟರು. ಎಂತ ಹೆದರಿಕೆ ಬೇಡ, ನೋಡಿಕೊಂಡು ಓದಿದರೆ ಮುಗಿಯಿತು ಎಂದು ನಾನು ಧೈರ್ಯ ತುಂಬಿದೆ. ಸಾಲಿಗ್ರಾಮ ದಾಟಿ ಬ್ರಹ್ಮಾವರ ಬರುವವರೆಗೆ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಸಭೆಯ ಅಳುಕು ಎಂದುಕೊಂಡೆ. ನನಗೆ ಎಲ್ಲದಕ್ಕೂ ಒಂದು ಉತ್ತರ ಸಿದ್ಧವಿತ್ತು ಆಗ.

ಸಭಾಂಗಣ ತುಂಬಿತ್ತು. ನಾನು ಮೂರನೆಯ ಸಾಲಿನಲ್ಲಿ, ನನ್ನ ಎಡಕ್ಕೆ ಶೇಖರಣ್ಣ, ಬಲಕ್ಕೆ ಹೆಡ್‌ಮಾಷ್ಟ್ರು. ಸುಮತಿ ಟೀಚರ ಹೆಸರು ಕರೆದಾಗ ನಾವು ಮೂವರೂ ಜೋರಾಗಿ ಚಪ್ಪಾಳೆ ತಟ್ಟಿದೆವು. ಅವರು ಮೆಟ್ಟಿಲು ಹತ್ತಿ ಮೈಕಿನ ಮುಂದೆ ನಿಂತರು. ಪರ್ಸಿನಿಂದ ಕಾಗದ ತೆಗೆದರು, ಬಿಡಿಸಲಿಲ್ಲ. ಸುಮ್ಮನೆ ನಿಂತರು. ಚಪ್ಪಾಳೆ ಆಗಲೇ ನಿಂತಿತ್ತು. ಯಾರೋ ಕೆಮ್ಮಿದರು, ಫ್ಯಾನಿನ ಸದ್ದು ಕೇಳತೊಡಗಿತು. ಅವರು ನಮ್ಮ ಕಡೆ ನೋಡುತ್ತಲೇ ಇದ್ದರು. ಮಾತು ಹೊರಡುತ್ತಿಲ್ಲ ಪಾಪ ಎಂದು ನಾನು ಕೈಯಲ್ಲೇ ಕಾಗದ ಬಿಡಿಸುವ ಹಾಗೆ ಮಾಡಿ, ಓದಿ, ಓದಿ ಎಂದು ಸನ್ನೆ ಮಾಡಿದೆ.

ಆಮೇಲೆ ಅವರು ಮೈಕಿಗೆ ಬಾಯಿಟ್ಟು, ನಿಧಾನವಾಗಿ, ಪುಸ್ತಕದ ಕನ್ನಡದಲ್ಲಿ ಹೇಳಿದರು: "ಇದು ನಾನು ಬರೆದದ್ದಲ್ಲ. ಪವಿತ್ರಾ ಎಂಬ ಹುಡುಗಿ ನನ್ನ ಕ್ಲಾಸಿನಲ್ಲಿ ಇರಲಿಲ್ಲ."

ಕಾರ್ಯಕ್ರಮ ನಡೆಸುತ್ತಿದ್ದವರು ಎದ್ದರು. "ಮತ್ತೆ ಯಾರು ಬರೆದದ್ದು ಮೇಡಂ?"

ಅವರು ಅದಕ್ಕೆ ಉತ್ತರ ಕೊಡಲಿಲ್ಲ. "ನಂದೇ ಒಂದಿತ್ತ್" ಎಂದರು, ಮಾತು ತನ್ನಷ್ಟಕ್ಕೆ ಊರಿನದಾಗಿ. "ನಿಜದ್ದ್. ಸಣ್ಣದ್. ಹೇಳ್ಲಾ?"

"ಸಮಯ ಇಲ್ಲ ಮೇಡಂ. ಕೂತ್ಕೊಳ್ಳಿ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಸುಮತಿ ಟೀಚರು ಕಾಗದವನ್ನು ಮತ್ತೆ ಪರ್ಸಿನಲ್ಲಿಟ್ಟು, ಮೆಟ್ಟಿಲು ನೋಡಿಕೊಂಡು ಇಳಿದು ಬಂದರು. ಆಗ ನಾನು ಎದ್ದು ನಿಲ್ಲಬೇಕಿತ್ತು. ಬರೆದವನು ನಾನು ಎಂಬ ಎರಡೇ ಪದ. ನಾನು ಕಾರ್ಯಕ್ರಮದ ಪಟ್ಟಿಯನ್ನು ಓದುತ್ತ ಕೂತೆ. ಅದರಲ್ಲಿ ಸ್ವಾಗತ, ಪ್ರಾರ್ಥನೆ, ವಂದನಾರ್ಪಣೆ ಎಲ್ಲ ಇತ್ತು, ಇವತ್ತಿಗೂ ಕ್ರಮಪ್ರಕಾರ ಹೇಳಬಲ್ಲೆ. ನಾನು ಎದ್ದರೆ ಉಳಿದ ನಾಲ್ವರ ಗುಟ್ಟೂ ಬಯಲಾಗುತ್ತದೆ, ಹೆಡ್‌ಮಾಷ್ಟ್ರ ಮರ್ಯಾದೆಯೂ ಹೋಗುತ್ತದೆ, ಹಾಗಾಗಿ ಎಲ್ಲರ ಒಳ್ಳೆಯದಕ್ಕೆ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಾನು ಹೆದರಿದ್ದೆ, ಅಷ್ಟೇ. ಬೇರೆ ಯಾವ ಕಾರಣವೂ ಇರಲಿಲ್ಲ.

ಅವರ ಆ ಸಣ್ಣ, ನಿಜದ ಅನುಭವ ಯಾವುದೆಂದು ನನಗೆ ಈಗಲೂ ಗೊತ್ತಿಲ್ಲ.

ವಾರದೊಳಗೆ ಅವರಿಗೆ ಮೆಮೋ ಬಂತು. ಪ್ರಮಾಣಪತ್ರ ರದ್ದು, ಬೇರೆಯವರಿಂದ ತರಬೇತಿ ಮಾಡಿಸಿದ್ದೇಕೆಂದು ವಿವರಣೆ ಕೊಡಿ. ಮೂವತ್ತು ವರ್ಷ ಒಂದು ಕಪ್ಪು ಗೆರೆ ಬೀಳದ ಅವರ ಫೈಲಿನಲ್ಲಿ, ನಿವೃತ್ತಿಗೆ ಒಂದು ವರ್ಷ ಇರುವಾಗ, ಅದು ಹೋಗಿ ಕೂತಿತು. ನನಗೆ ನಿದ್ದೆ ಬರಲಿಲ್ಲ, ಊಟ ಸೇರಲಿಲ್ಲ. ಕೊನೆಗೆ ಧೈರ್ಯ ಮಾಡಿ ಹೊಲಿಗೆ ಕೋಣೆಗೆ ಹೋದೆ. ಹೋಗಿ ಎಂತ ಹೇಳಿದೆ ಗೊತ್ತೇ? ಬರೆಯಲೂ ನಾಚಿಕೆಯಾಗುತ್ತದೆ.

"ಟೀಚರ್, ಮೆಮೋಕ್ಕೆ ಉತ್ತರ ನಾನ್ ಬರ್ದ್ ಕೊಡ್ಲಾ?"

ಅವರು ಮಿಷನ್ನಿನ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿ ನನ್ನ ಮುಖ ನೋಡಿದರು. ಬೈಯುತ್ತಾರೆಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು.

"ಬ್ಯಾಡ ಮಾಷ್ಟ್ರೆ. ಇದೊಂದ್ ನಾನೇ ಬರೀತೆ."

ನಾಲ್ಕು ಸಾಲು ಬರೆದರು. ಹೆಡ್‌ಮಾಷ್ಟ್ರು ನನಗೆ ತೋರಿಸಿದರು. ಬೇರೆಯವರ ಕೈಗೆ ಕೊಟ್ಟದ್ದು ನನ್ನದೇ ತಪ್ಪು, ಮೊದಲಿನಿಂದ ನಾನೇ ಮಾಡುತ್ತೇನೆ, ಅವಕಾಶ ಕೊಡಬೇಕು ಎಂದಿತ್ತು. ಯಾರ ಹೆಸರೂ ಇರಲಿಲ್ಲ. ಹೆಡ್‌ಮಾಷ್ಟ್ರು ಕಾಗದ ವಾಪಸು ತೆಗೆದುಕೊಂಡು "ಒಳ್ಳೇ ಹೆಂಗ್ಸ್" ಎಂದರು. ನಾನು ಹೌದೆಂದೆ. ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದೆವು.

ಸುಮತಿ ಟೀಚರು ಬರೆದ ಹಾಗೇ ಮಾಡಿದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೊಲಿಗೆ ಕೋಣೆಯಿಂದ ಬೊಂಬೆ ಟೀಚರ ದನಿ ಕೇಳುತ್ತಿತ್ತು. 'ಓಹೋ, ಇನ್ನೊಮ್ಮೆ ಪ್ರಯತ್ನಿಸಿ.' ಸ್ವಲ್ಪ ಹೊತ್ತು ಬಿಟ್ಟು ಮತ್ತೆ 'ಓಹೋ.' ನನಗೆ ಬಾಯಿಪಾಠವಾಗಿದ್ದ ಪ್ರಶ್ನೆಗಳು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಜಗಲಿಯಲ್ಲಿ ಕಿಟಕಿಯ ಪಕ್ಕ ನಿಂತು ಮೂರನೆಯದು, ಮೂರನೆಯದು ಒತ್ತಿ ಎಂದು ಮನಸ್ಸಿನಲ್ಲೇ ಕೂಗುತ್ತಿದ್ದೆ. ಶೇಖರಣ್ಣ ಒಮ್ಮೆ ನನ್ನನ್ನು ಅಲ್ಲಿ ಕಂಡು, "ಹೋಯ್ ಒಂದ್ ಮಾತ್ ಹೇಳಿ ಕೊಡಿನಿ ಮಾರಾಯ್ರೆ, ಪಾಪ" ಎಂದರು. ಅವರಿಗೆ ಹೇಗೆ ಬಿಡಿಸಿ ಹೇಳುವುದು? ಒಂದು ದಿನ ಬಹಳ ಹೊತ್ತಿನ ಮೇಲೆ 'ಅಭಿನಂದನೆಗಳು' ಎಂದು ಕೇಳಿತು. ಅದರ ಹಿಂದೆಯೇ ಸುಮತಿ ಟೀಚರು ಒಬ್ಬರೇ ನಕ್ಕದ್ದೂ ಕೇಳಿತು. ಇಷ್ಟು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ, ಅಂಥ ನಗುವನ್ನು ನಾನು ಅವರಿಂದ ಕಿತ್ತುಕೊಂಡಿದ್ದೆ.

ತರಬೇತಿ ಮುಗಿಸಿದ ಮೇಲೂ ಮೆಮೋ ಫೈಲಿನಲ್ಲೇ ಉಳಿಯಿತು. ಮುಂದಿನ ಮೇ ತಿಂಗಳಲ್ಲಿ ಅವರು ನಿವೃತ್ತರಾದರು. ಬೀಳ್ಕೊಡುಗೆಯ ಭಾಷಣ ಯಾರದ್ದೆಂದು ಬೇರೆ ಹೇಳಬೇಕೆ? ಚೆನ್ನಾಗಿ ಮಾತಾಡುತ್ತೀರಿ, ನೀವೇ ಮಾಡಿ ಎಂದರು ಹೆಡ್‌ಮಾಷ್ಟ್ರು. ನಾನು ಟೀಚರ ತಾಳ್ಮೆ, ಶಿಸ್ತು, ಸರಳತೆ ಎಲ್ಲ ಹೇಳಿದೆ. ಹೇಳಬೇಕಾದದ್ದೊಂದನ್ನು ಬಿಟ್ಟು ಹದಿನೈದು ನಿಮಿಷ ಮಾತಾಡಿದೆ. ಚಪ್ಪಾಳೆ ಬಿತ್ತು. ಅವರೂ ತಟ್ಟಿದರು.

ಪ್ರಮಾಣಪತ್ರಗಳನ್ನು ಫೋನಿನಿಂದ ಅಳಿಸಿದ ಮಾರನೆಯ ವಾರ, ಶನಿವಾರ ಮಧ್ಯಾಹ್ನ, ಶಾಲೆಯ ಹುಡುಗನೊಬ್ಬನ ಅಕ್ಕನ ಮದುವೆಗೆಂದು ಕುಂದಾಪುರದಲ್ಲಿ ಬೈಂದೂರು ಬಸ್ಸು ಹತ್ತಿದೆ. ಒಳಗೆ ಕಿಟಕಿಯ ಬದಿಯಲ್ಲಿ ಸುಮತಿ ಟೀಚರು ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಚೀಲ ಎತ್ತಿ ಜಾಗ ಕೊಟ್ಟರು. ಮಕ್ಕಳು ಹೇಗಿದ್ದಾರೆ, ಶೇಖರಣ್ಣನ ಸಕ್ಕರೆ ಕಾಯಿಲೆ ಹೇಗಿದೆ ಎಂದು ವಿಚಾರಿಸಿದರು. ನಂತರ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಫೋನು ತೆಗೆದರು.

"ಇಂಗ್ಲಿಷ್ ಮಾತಾಡುಕ್ ಕಲೀತಿದ್ದೆ ಮಾಷ್ಟ್ರೆ. ಅದೇ ಕೇಂತತ್ತ್, ನಾನ್ ಹೇಳುದ್. ಹೊತ್ತ್ ಹೋತ್ತ್."

ಪರದೆಯ ಮೇಲೆ ಒಂದು ಖಾಲಿ ಜಾಗ, ಕೆಳಗೆ ನಾಲ್ಕು ಪದ. ಅವರು ಒಂದನ್ನು ಒತ್ತಿದರು, ಕೆಂಪಾಯಿತು. ಇನ್ನೊಂದು ಒತ್ತಿದರು, ಅದೂ ಕೆಂಪು. ನಾನು ಎರಡೂ ಕೈಗಳನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಕೂತೆ. ಅವರಿಗೆ ಅದು ಕಂಡಿತೋ ಏನೋ, ಫೋನನ್ನು ಸ್ವಲ್ಪ ಕಿಟಕಿಯ ಕಡೆಗೆ ತಿರುಗಿಸಿಕೊಂಡರು. ಕ್ಲಾಸಿನಲ್ಲಿ ಪಕ್ಕದವನಿಗೆ ಕಾಣದಂತೆ ಮಕ್ಕಳು ಸ್ಲೇಟು ಮುಚ್ಚುವ ಹಾಗೆ. ಬೇಕೆಂದು ಮಾಡಿದ್ದಲ್ಲ. ಕೈ ತಾನಾಗಿಯೇ ಹಾಗೆ ತಿರುಗಿತು.

ಹೆಮ್ಮಾಡಿ ದಾಟಿತು. ಈಗ ಹೇಳದಿದ್ದರೆ ಇನ್ನು ಈ ಜನ್ಮದಲ್ಲಿ ಹೇಳುವುದಿಲ್ಲ ಎನ್ನಿಸಿತು.

"ಟೀಚರ್, ಅವತ್ತ್ ಬ್ರಹ್ಮಾವರದಗೆ ನಾನ್ ಎದ್ದ್ ನಿಲ್ಕಿತ್ತ್."

ಅವರಿಗೆ ಕೇಳಿಸಲಿಲ್ಲ. ಇಯರ್‌ಫೋನ್ ತೆಗೆದು "ಎಂತ ಅಂದ್ರಿ?" ಎಂದರು. ಎರಡನೆಯ ಸಲ ಹೇಳುವುದು ಮೊದಲಿಗಿಂತ ಎಷ್ಟೋ ಕಷ್ಟವಾಯಿತು. ಕಂಡಕ್ಟರು ನಮ್ಮ ತಲೆಯ ಮೇಲೆ ನಿಂತು ಯಾರಿಗೋ ಚಿಲ್ಲರೆ ಕೊಡುತ್ತಿದ್ದ. ಆದರೂ ಹೇಳಿದೆ. ಬರೆದದ್ದು ನಾನು, ತಪ್ಪು ನನ್ನದು, ನಿಮ್ಮನ್ನು ಒಬ್ಬರನ್ನೇ ನಿಲ್ಲಿಸಿದೆ, ನನ್ನನ್ನು ಕ್ಷಮಿಸಿ ಎಂದೆ.

ಅವರು ಇಯರ್‌ಫೋನಿನ ತಂತಿಯನ್ನು ಸುತ್ತಿ ಚೀಲದಲ್ಲಿಟ್ಟರು. ತ್ರಾಸಿ ಬಂತು. ಎಡಗಡೆ ಕಡಲು ಕಾಣಿಸಿಕೊಂಡಿತು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ದನಿಯಲ್ಲೂ ಇರಲಿಲ್ಲ. ಮನೆಯ ಸುದ್ದಿ ಹೇಳುವವರ ಹಾಗೆ ಹೇಳಿದರು:

"ನೀವ್ ಎದ್ದ್ ನಿಲ್ತ್ರಿ ಅಂದೇಳಿ ನಂಗ್ ಗ್ಯಾರಂಟಿ ಇದ್ದಿತ್ ಮಾಷ್ಟ್ರೆ. ಅದ್ಕೇ ಅಲ್ದಾ, ಮೈಕಿನ್ ಎದ್ರ್ ಅಷ್ಟ್ ಹೊತ್ತ್ ಸುಮ್ನೆ ನಿಂತ್ಕಂಡದ್ದ್."